ಹಿಂಬದಿಗೆ ಯಾರೂ ಲೈಕ್ ಒತ್ತುವುದಿಲ್ಲ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಎರಡು ವಾರದ ಹಿಂದೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಒಂದು ಬರಹ ಬಂದಿತ್ತು. ಮನೆಯಲ್ಲಿ ಕೂತು ಕೈಕೆಲಸ ಮಾಡುವ ಹೆಣ್ಣುಮಕ್ಕಳು ಇನ್‌ಸ್ಟಾಗ್ರಾಂನಲ್ಲಿ ಹೆಸರು ಮಾಡುವುದು ಹೇಗೆ ಅಂತ. ದಿನಾ ಒಂದು ರೀಲ್ ಹಾಕಿ, ಮೊದಲ ಮೂರು ಸೆಕೆಂಡಿನಲ್ಲೇ ನೋಡುವವರನ್ನು ಹಿಡಿದುಬಿಡಿ, ಈಗ ಓಡುತ್ತಿರುವ ಹಾಡನ್ನೇ ಹಿಂದೆ ಹಾಕಿ, ಬಣ್ಣ ಗಾಢವಾಗಿರಲಿ, ಹೀಗೆ ಬಹಳ ಸಲಹೆ ಇದ್ದವು. ಬರೆದವರ ಮೇಲೆ ನನಗೆ ಸಿಟ್ಟಿಲ್ಲ. ಅದರಲ್ಲಿ ಹೇಳಿದ್ದರಲ್ಲಿ ಹೆಚ್ಚಿನದನ್ನು ನಾನು ಒಂದೂವರೆ ವರ್ಷ ಮಾಡಿದವಳು. ಅದರಿಂದ ನನ್ನ ಕೈಗೆ ಏನಾಯಿತು ಅಂತ ಬರೆಯಲು ಕೂತಿದ್ದೇನೆ. ಪತ್ರ ಉದ್ದ ಆಗುತ್ತದೆ, ಗೊತ್ತು. ಕತ್ತರಿ ಹಾಕುವುದಿದ್ದರೆ ಹಾಕಿ, ಆದರೆ ನಮ್ಮ ಚಿಗವ್ವನ, ಅಂದರೆ ಚಿಕ್ಕಮ್ಮನ, ಮಾತು ಮಾತ್ರ ಬಿಡಬೇಡಿ.

ನಾನು ಧಾರವಾಡದವಳು. ಒಂದು ಕಚೇರಿಯಲ್ಲಿ 31 ವರ್ಷ ಟೈಪಿಸ್ಟ್ ಆಗಿದ್ದು ನಿವೃತ್ತಳಾದೆ. ಆ ಕೆಲಸದಲ್ಲಿ ಹೊಗಳಿಕೆ ಅನ್ನುವುದೇ ಇರಲಿಲ್ಲ. ತಪ್ಪಿಲ್ಲದ ಪುಟವನ್ನು ಎತ್ತಿ ನೋಡಿ ಭೇಷ್ ಅಂದವರನ್ನು ನಾನು ಕಾಣೆ. ಒಂದು ಒತ್ತಕ್ಷರ ಬಿಟ್ಟುಹೋದರೆ ಮಾತ್ರ ಸಾಹೇಬರ ಕೋಣೆಯಿಂದ ಕರೆ ಬರುತ್ತಿತ್ತು. ಅದರ ಬಗ್ಗೆ ಬೇಜಾರೂ ಇರಲಿಲ್ಲ, ಸಂಬಳ ಬರುತ್ತಿತ್ತಲ್ಲ. ಸಂಜೆ ಮನೆಗೆ ಬಂದು ಚಹಾ ಕುಡಿದು ಕಿಟಕಿ ಪಕ್ಕ ಸೂಜಿ ಹಿಡಿದು ಕೂತರೆ ಆ ಒಂದು ತಾಸು ಪೂರ್ತಿ ನನ್ನದು. ಕಸೂತಿ ಕಲಿಸಿದವರು ನಮ್ಮವ್ವ ಮತ್ತು ಚಿಗವ್ವ, ನನಗೆ ಆಗ 10 ವರ್ಷ ಇರಬೇಕು. ಅವ್ವ ಈಗ ಇಲ್ಲ.

ಬೆಂಗಳೂರು, ಮೈಸೂರು ಕಡೆ ಬಟ್ಟೆಯ ಮೇಲೆ ದಾರದಿಂದ ಏನು ಮಾಡಿದರೂ ಕಸೂತಿ ಅಂತಾರೆ. ನಮ್ಮಲ್ಲಿ ಹಾಗಿಲ್ಲ. ಧಾರವಾಡದ ಕಸೂತಿ ಅಂದರೆ ಬಟ್ಟೆಯ ಎಳೆ ಎಣಿಸಿ ಹಾಕುವ ಹೊಲಿಗೆ. ಪೆನ್ಸಿಲಿನಲ್ಲಿ ಚಿತ್ರ ಬರೆದುಕೊಳ್ಳುವ ಹಾಗಿಲ್ಲ, ಅಚ್ಚು ಒತ್ತುವ ಹಾಗಿಲ್ಲ. ಹೊಲಿಗೆ ನಾಲ್ಕೇ ನಾಲ್ಕು: ಗವಂತಿ, ಮುರಗಿ, ನೇಯ್ಗಿ, ಮೆಂತಿ. ಗವಂತಿಯಲ್ಲಿ ಗೆರೆ ಬರುತ್ತದೆ. ಮುರಗಿ ಮೆಟ್ಟಿಲು ಮೆಟ್ಟಿಲಾಗಿ ಹೋಗುತ್ತದೆ. ನೇಯ್ಗಿ ದೂರದಿಂದ ನೋಡಿದರೆ ಮಗ್ಗದಲ್ಲೇ ನೇಯ್ದ ಹಾಗೆ ಕಾಣುತ್ತದೆ. ಮೆಂತಿ ಅಡ್ಡ ಕತ್ತರಿ ಹಾಕಿದ ಹಾಗಿರುತ್ತದೆ, ಮೆಂತ್ಯದ ಕಾಳು ಚೆಲ್ಲಿದ ಹಾಗೆ ಮೈ ತುಂಬುತ್ತದೆ. ಇಷ್ಟರಲ್ಲೇ ತೇರು, ಗೋಪುರ, ತುಳಸಿಕಟ್ಟೆ, ಅಂಬಾರಿ ಹೊತ್ತ ಆನೆ, ನವಿಲು, ತೊಟ್ಟಿಲು ಎಲ್ಲ ಬರಬೇಕು. ಇಳಕಲ್ ಸೀರೆಯ ಸೆರಗಿನ ಹತ್ತಿರ ದೊಡ್ಡ ಚಿತ್ರ, ಅಲ್ಲಿಂದ ದೂರ ಹೋದಂತೆ ಸಣ್ಣ ಸಣ್ಣವು. ಮದುಮಗಳಿಗೆ ಕೊಡುವ ಕರಿ ಚಂದ್ರಕಾಳಿ ಸೀರೆಯ ಮೇಲೆ ಇದನ್ನು ನೋಡಿದವರಿಗೆ ನಾನು ಜಾಸ್ತಿ ಹೇಳಬೇಕಾಗಿಲ್ಲ.

ಗವಂತಿ ಹಾಕುವ ರೀತಿಯನ್ನು ಮಾತ್ರ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಮುಂದಿನ ಕತೆ ತಿಳಿಯುವುದಿಲ್ಲ. ನಾಲ್ಕು ಎಳೆ ಹಿಡಿದು ನಾಲ್ಕು ಎಳೆ ಬಿಟ್ಟು ಹೊಲಿಯುತ್ತಾ ಹೋಗಬೇಕು. ಆಗ ಗೆರೆ ತುಂಡು ತುಂಡಾಗಿ ಕಾಣುತ್ತದೆ. ತುದಿ ಮುಟ್ಟಿದ ಮೇಲೆ ಹೋದ ದಾರಿಯಲ್ಲೇ ವಾಪಸ್ ಬರುತ್ತಾ ಬಿಟ್ಟ ಜಾಗ ತುಂಬಬೇಕು. ಹೋಗುವಾಗ ಮುಂದುಗಡೆ ಖಾಲಿ ಇದ್ದಲ್ಲಿ ಹಿಂದುಗಡೆ ದಾರ ಇರುತ್ತದೆ, ಬರುವಾಗ ಅದಲುಬದಲಾಗುತ್ತದೆ. ಹೀಗಾಗಿ ಬಟ್ಟೆಯ ಎರಡೂ ಕಡೆ ಒಂದೇ ಚಿತ್ರ. ಗಂಟು ಹಾಕುವ ಹಾಗಿಲ್ಲ. ದಾರದ ತುದಿಯನ್ನು ಹೊಲಿಗೆಯೊಳಗೇ ಅಡಗಿಸಬೇಕು. ಹೋಗುವಾಗ ಎಲ್ಲೋ ಒಂದು ಎಳೆ ಹೆಚ್ಚುಕಡಿಮೆ ಎಣಿಸಿದ್ದರೆ ಬರುವಾಗ ದಾರಿ ಕೂಡುವುದಿಲ್ಲ, ಬಿಚ್ಚಬೇಕು. ತೇರಿನಂಥ ಚಿತ್ರವಾದರೆ ಯಾವ ಕವಲಿಗೆ ಮೊದಲು ಹೋಗಬೇಕು, ಯಾವುದನ್ನು ಬರುವಾಗ ಮುಗಿಸಬೇಕು ಅಂತ ಸೂಜಿ ಚುಚ್ಚುವ ಮೊದಲೇ ತಲೆಯಲ್ಲಿ ನಕಾಶೆ ಇರಬೇಕು. ನಮ್ಮವ್ವನಿಗೆ ಓದು ಬರಹ ಅಷ್ಟಕ್ಕಷ್ಟೇ, ಆದರೆ ಈ ಲೆಕ್ಕದಲ್ಲಿ ಆಕೆ ಎಡವಿದ್ದು ನಾನು ನೋಡಿಲ್ಲ.

ಇರಲಿ. ಫೋನಿನ ಕತೆಗೆ ಬರುತ್ತೇನೆ.

ನಿವೃತ್ತಿಯಾದ ಮರುವರ್ಷ ನನ್ನ ತಮ್ಮನ ಮಗಳು ರಜೆಗೆ ಬಂದಿದ್ದಳು. ಬೆಂಗಳೂರಿನಲ್ಲಿ ಮನಃಶಾಸ್ತ್ರ ಓದುತ್ತಾಳೆ. "ಅತ್ತೀ, ಇಷ್ಟ ಚಂದ ಮಾಡಿ ಟ್ರಂಕಿನ್ಯಾಗ ಇಡತೀಯಲ್ಲ, ನಾಕ ಮಂದಿ ನೋಡಲಿ" ಅಂತ ಹೇಳಿ ನನ್ನ ಹೆಸರಲ್ಲಿ ಒಂದು ಖಾತೆ ತೆರೆದಳು. ನಾನು ಗೋಪುರ ಹಾಕುವುದನ್ನು ಫೋನಿನಲ್ಲಿ ಹಿಡಿದು, ಮೂರು ಸಂಜೆಯ ಕೆಲಸವನ್ನು ಮೂವತ್ತು ಸೆಕೆಂಡಿಗೆ ಓಡಿಸಿ ಹಾಕಿದಳು. ನನ್ನ ಕೈ ಯಾವುದೋ ಹುಳುವಿನ ಹಾಗೆ ಪಟಪಟ ಓಡಾಡುತ್ತಿತ್ತು, ನೋಡಿ ಇಬ್ಬರೂ ನಕ್ಕೆವು. ಬೆಳಗ್ಗೆ ಎದ್ದು ನೋಡಿದರೆ 41 ಸಾವಿರ ಮಂದಿ ನೋಡಿದ್ದರು. ನಲವತ್ತೊಂದು ಸಾವಿರ! ನಾನು 31 ವರ್ಷದಲ್ಲಿ ಟೈಪ್ ಮಾಡಿದ ಪುಟಗಳನ್ನೆಲ್ಲ ಸೇರಿಸಿದರೂ ಅಷ್ಟು ಜನ ಓದಿರಲಿಕ್ಕಿಲ್ಲ. ಒಬ್ಬರು "ಮಷಿನ್ ಯಾವುದು ಆಂಟಿ?" ಅಂತ ಕೇಳಿದ್ದರು. ಅದು ಒಂದು ಕ್ಷಣ ಚುಚ್ಚಿತು, ಆದರೆ ಕೆಳಗೆ ಸಾಲು ಸಾಲು ಕೆಂಪು ಹೃದಯ ಇದ್ದವಲ್ಲ, ಮರೆತೆ.

ಎರಡನೆಯ ವಿಡಿಯೋ ನಾನೇ ಆರಿಸಿದ್ದು. ಕಡುನೀಲಿ ಬಟ್ಟೆಯ ಮೇಲೆ ಒಂಟಿ ಎಳೆ ಕೆಂಪು ರೇಷ್ಮೆ ದಾರದಲ್ಲಿ ತುಳಸಿಕಟ್ಟೆ. 11 ಸಂಜೆ ಹಿಡಿಯಿತು. ನನ್ನ ಜೀವಮಾನದಲ್ಲಿ ಅದಕ್ಕಿಂತ ಸಣ್ಣ ಗವಂತಿ ಹಾಕಿಲ್ಲ, ಮುಂದೆ ಕಣ್ಣು ಕೊಡುವುದೂ ಇಲ್ಲ ಅನಿಸುತ್ತದೆ. ಅದನ್ನು 312 ಮಂದಿ ನೋಡಿದರು. ಫೋನಿನಲ್ಲಿ ಕೆಂಪು ಗೆರೆ ನೀಲಿಯೊಳಗೆ ಮುಳುಗಿಹೋಗಿತ್ತು, ಏನೂ ಕಾಣುತ್ತಿರಲಿಲ್ಲ, ಅಷ್ಟೇ ಕಾರಣ. ಈಗ ಸುಲಭವಾಗಿ ಹೇಳುತ್ತೇನೆ, ಅವತ್ತು ಮಾತ್ರ ಮಧ್ಯಾಹ್ನ ಊಟ ಸೇರಲಿಲ್ಲ. ಅಡುಗೆಮನೆಗೆ ಹೋಗಿ ಬಂದು ನೋಡುವುದು, ಹಾಲು ಕಾಯಿಸಿ ನೋಡುವುದು, ಸ್ನಾನ ಮಾಡಿ ನೋಡುವುದು. 312 ಅನ್ನುವುದು ಆ ತುಳಸಿಕಟ್ಟೆಯ ಬೆಲೆ ಆಗಿ ಉಳಿಯಲಿಲ್ಲ, ನನ್ನ ಬೆಲೆಯೇ ಆಗಿಬಿಟ್ಟಿತು. 58 ದಾಟಿದ ಹೆಂಗಸು ನಾನು, ಮಗನ ಮದುವೆ ಮಾಡಿದವಳು, ಗಂಡನನ್ನು ಕಳೆದುಕೊಂಡು ಮನೆ ನಡೆಸಿದವಳು, ಒಂದು ಅಂಕಿ ನೋಡಿ ಮೋರೆ ಸಣ್ಣದು ಮಾಡಿಕೊಂಡು ಕೂತೆ ಅಂದರೆ ನಾಚಿಕೆ ಆಗುತ್ತದೆ. ಆದರೂ ಬರೆಯುತ್ತಿದ್ದೇನೆ, ಯಾಕೆಂದರೆ ನನ್ನಂಥವರು ಬಹಳ ಜನ ಇದ್ದಾರೆ ಮತ್ತು ಯಾರೂ ಬಾಯಿ ಬಿಡುವುದಿಲ್ಲ.

ಆಮೇಲೆ ಕಲಿತೆ. ಯಾರೂ ಹೇಳಿಕೊಡಲಿಲ್ಲ, ಅಂಕಿಯೇ ಹೇಳಿಕೊಟ್ಟಿತು. ಚಿತ್ರ ದೊಡ್ಡದಿದ್ದರೆ ಏರುತ್ತದೆ, ಹಾಗಾಗಿ ನಾಲ್ಕು ಎಳೆ ಎಣಿಸುವ ಕಡೆ ಆರು ಎಣಿಸತೊಡಗಿದೆ. ಒಂಟಿ ದಾರ ಕಾಣುವುದಿಲ್ಲ, ಮೂರು ದಾರ ಸೇರಿಸಿದೆ. ಹಳದಿ, ಗಿಳಿಹಸಿರು, ಆ ಕಣ್ಣು ಕುಕ್ಕುವ ಗುಲಾಬಿ. ಗವಂತಿ ನಿಧಾನ, ಮೆಂತಿ ಬೇಗ ಬೇಗ ಜಾಗ ತುಂಬುತ್ತದೆ, ಹಾಗಾಗಿ ಎಲ್ಲಕ್ಕೂ ಮೆಂತಿ. ಯಾರೋ ಹೃದಯದೊಳಗೆ ಗಂಡನ ಹೆಸರು ಹಾಕಿಕೊಡಿ ಅಂದರು, ಹಾಕಿದೆ, ಅದು ಓಡಿತು, ಮುಂದೆ ಎರಡು ತಿಂಗಳು ಬರೀ ಹೃದಯ. ವಾರಕ್ಕೆ ನಾಲ್ಕು ವಿಡಿಯೋ ಬೇಕಲ್ಲ, ಅವಸರಕ್ಕೆ ದಾರದ ತುದಿ ಅಡಗಿಸುವುದನ್ನು ಬಿಟ್ಟು ಹಿಂದುಗಡೆ ಗಂಟು ಹಾಕಲು ಶುರು ಮಾಡಿದೆ. ಒಂದು ಗಂಟು. ಆಮೇಲೆ ಎಲ್ಲ ಕಡೆ ಗಂಟು. ಒಂದು ಹೂವಿನಿಂದ ಇನ್ನೊಂದು ಹೂವಿಗೆ ಹಿಂದಿನಿಂದಲೇ ದಾರ ಎಳೆದು ಜಿಗಿಯುವುದು. ನಮ್ಮವ್ವ ಇದ್ದಿದ್ದರೆ ಕೈ ಮೇಲೆ ಸ್ಕೇಲಿನಿಂದ ಕೊಡುತ್ತಿದ್ದಳು.

ಇದರಲ್ಲಿ ವಿಚಿತ್ರ ಏನೆಂದರೆ ನನಗೆ ಇದೆಲ್ಲ ನಡೆಯುತ್ತಿರುವುದು ಗೊತ್ತೇ ಆಗಲಿಲ್ಲ. ನಾನು ಇನ್ನೂ ಅದೇ ಕಿಟಕಿ ಪಕ್ಕ, ಅದೇ ಸೂಜಿ ಹಿಡಿದು ಕೂತಿದ್ದೆ. ಆದರೆ ಏನು ಹಾಕಲಿ ಅಂತ ಯೋಚಿಸುವಾಗ ನನಗೆ ಏನು ಇಷ್ಟ ಅನ್ನುವುದು ಮೊದಲು ಬರುತ್ತಲೇ ಇರಲಿಲ್ಲ. ಯಾವುದು ಏರುತ್ತದೆ ಅನ್ನುವುದೇ ಮೊದಲು. ಸಂಜೆಯ ಆ ಒಂದು ತಾಸು ನನ್ನದು ಅಂದಿದ್ದೆನಲ್ಲ, ಅದನ್ನೂ ಆಫೀಸು ಮಾಡಿಕೊಂಡೆ. ಸಂಬಳ ಇಲ್ಲದ ಆಫೀಸು.

ಎಳ್ಳಮಾವಾಸ್ಯೆಗೆ ಹೊಲದಲ್ಲಿ ಚರಗ, ಅಂದರೆ ಭೂಮಿತಾಯಿಯ ಎಡೆ, ಚೆಲ್ಲಲು ಹತ್ತಿರದ ಅಮ್ಮಿನಭಾವಿ ಹಳ್ಳಿಗೆ ಹೋಗಿದ್ದೆ. ಚಿಗವ್ವ ಅಲ್ಲೇ ಇರುವುದು, 84 ವರ್ಷ. ಎರಡೂ ಕಣ್ಣಿಗೆ ಪೊರೆ ತೆಗೆಸಿದ್ದಾರೆ, ಆದರೂ ಸೂಜಿಗೆ ದಾರ ಪೋಣಿಸಲು ಮೊಮ್ಮಕ್ಕಳು ಬೇಕು. ಹೊಲದಿಂದ ಬಂದು ಕಟ್ಟೆಯ ಮೇಲೆ ಕೂತಾಗ ನಾನು ದೊಡ್ಡಸ್ತಿಕೆಯಿಂದ ಫೋನ್ ತೆಗೆದು, ನೋಡು ಇಷ್ಟು ಸಾವಿರ ಜನ ನೋಡಿದ್ದಾರೆ ಅಂದೆ. "ಫೋನಿನ್ಯಾಗಿಂದು ನನಗೇನ ಕಾಣತೈತಿ, ಅರಿವಿ ಕೊಡ ಇಲ್ಲೆ" ಅಂದಳು. ಚೀಲದಲ್ಲಿ ಹೊಸದಾಗಿ ಮುಗಿಸಿದ ಆನೆ ಅಂಬಾರಿ ಇತ್ತು, ಕೊಟ್ಟೆ. ಅದು 60 ಸಾವಿರ ದಾಟಿತ್ತು. ಆಕೆ ಮುಂದುಗಡೆ ನೋಡಲೇ ಇಲ್ಲ ಅನ್ನಿ. ಸೀದಾ ತಿರುವಿ ಹಾಕಿ, ತೊಡೆಯ ಮೇಲೆ ಹರವಿಕೊಂಡು, ಬೆರಳಿನಿಂದ ನಿಧಾನಕ್ಕೆ ಸವರತೊಡಗಿದಳು. ಕಣ್ಣು ಎಲ್ಲೋ ಇತ್ತು, ಬೆರಳು ಓದುತ್ತಿತ್ತು.

"ಇದೇನ ತಂಗಿ, ಹಿಂದ ಗಂಟ ಹಾಕೀಯಲ್ಲ?"

"ಹಿಂದಿಂದ ಯಾರ ನೋಡತಾರ ಚಿಗವ್ವಾ, ಫೋನಿನ್ಯಾಗ ಮುಂದಿಂದಷ್ಟ ಕಾಣತೈತಿ."

"ನೋಡಾವ್ರ ಸುದ್ದಿ ಬಿಡ. ಉಟ್ಟಾಕಿ ಮೈಗೆ ಹತ್ತೂದು ಹಿಂದಿಂದ ಹೌದಿಲ್ಲ?"

ಇಷ್ಟೇ ಅಂದಿದ್ದು. ಬೈಯಲಿಲ್ಲ, ಉಪದೇಶ ಇಲ್ಲ. ಬಟ್ಟೆ ಮಡಚಿ ಕೈಗೆ ಕೊಟ್ಟು, ನನಗೆ ಸಜ್ಜಿ ರೊಟ್ಟಿ ಕಟ್ಟಿಕೊಡಲು ಒಳಗೆ ಎದ್ದು ಹೋದಳು. ಧಾರವಾಡಕ್ಕೆ ಬರುವ ಬಸ್ಸಿನಲ್ಲಿ ಆ ಆನೆಯನ್ನು ಚೀಲದಿಂದ ತೆಗೆದು ನಾನೂ ಹಿಂದುಗಡೆ ಸವರಿ ನೋಡಿದೆ. ಇರುವೆ ಗೂಡಿನ ಹಾಗೆ ಬೆರಳಿಗೆ ಹತ್ತುತ್ತಿತ್ತು.

ತಮ್ಮನ ಮಗಳಿಗೆ ಫೋನ್ ಮಾಡಿ ಹೇಳಿದೆ. ಆಕೆಗೆ ಸ್ವಲ್ಪ ಕಸಿವಿಸಿ ಆಯಿತು, ಖಾತೆ ತೆರೆದವಳು ತಾನೇ ಅಂತ. ಆಮೇಲೆ ತಾನು ಓದಿದ್ದ ಒಂದು ಪ್ರಯೋಗದ ಕತೆ ಹೇಳಿದಳು, ಅದು ನನಗೆ ಬಹಳ ಹಿಡಿಸಿತು. ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಲೆಪ್ಪರ್, ಗ್ರೀನ್, ನಿಸ್ಬೆಟ್ ಅನ್ನುವ ಮೂವರು ಶಿಶುವಿಹಾರದ ಮಕ್ಕಳ ಮೇಲೆ ಮಾಡಿದ್ದು, 1973ರಲ್ಲಿ ಪ್ರಕಟವಾಯಿತು. ತಾವಾಗೇ ಖುಷಿಯಿಂದ ಬಣ್ಣದ ಪೆನ್ನು ಹಿಡಿದು ಚಿತ್ರ ಬರೆಯುವ ಮಕ್ಕಳನ್ನೇ ಆರಿಸಿದರು. ಕೆಲವರಿಗೆ, ಚಿತ್ರ ಬರೆದರೆ ಬಂಗಾರದ ನಕ್ಷತ್ರ ಇರುವ ಸರ್ಟಿಫಿಕೇಟ್ ಕೊಡುತ್ತೇವೆ ಅಂತ ಮೊದಲೇ ಹೇಳಿದರು. ಕೆಲವರಿಗೆ ಏನೂ ಹೇಳದೆ, ಬರೆದ ಮೇಲೆ ಅದನ್ನೇ ಕೊಟ್ಟರು. ಇನ್ನು ಕೆಲವರಿಗೆ ಏನೂ ಇಲ್ಲ. ಒಂದೆರಡು ವಾರ ಬಿಟ್ಟು, ಬಹುಮಾನ ಏನೂ ಇಲ್ಲದೆ ಸುಮ್ನೆ ಆಡಲು ಬಿಟ್ಟಾಗ, ಮೊದಲೇ ಆಸೆ ಹುಟ್ಟಿಸಿದ್ದ ಮಕ್ಕಳು ಚಿತ್ರಕ್ಕೆ ಕೊಟ್ಟ ಹೊತ್ತು ಉಳಿದವರು ಕೊಟ್ಟದ್ದರ ಹೆಚ್ಚುಕಡಿಮೆ ಅರ್ಧ. ಬಹುಮಾನಕ್ಕಾಗಿ ಬರೆದ ಚಿತ್ರಗಳ ಗುಣವೂ ಕಡಿಮೆ ಇತ್ತಂತೆ.

ಗಮನಿಸಿ, ಅನಿರೀಕ್ಷಿತವಾಗಿ ಬಹುಮಾನ ಸಿಕ್ಕ ಮಕ್ಕಳಿಗೆ ಏನೂ ಆಗಲಿಲ್ಲ. ಅವು ಮೊದಲಿನ ಹಾಗೇ ಬರೆದವು. ನನ್ನ ಮೊದಲ ವಿಡಿಯೋದ 41 ಸಾವಿರ ಅಂಥದ್ದು. ಅದು ಬರುತ್ತದೆ ಅಂತ ನನಗೆ ಗೊತ್ತಿರಲಿಲ್ಲ, ನಾನು ಗೋಪುರವನ್ನು ಗೋಪುರಕ್ಕಾಗಿಯೇ ಹಾಕಿದ್ದೆ. ಹಾಳು ಮಾಡಿದ್ದು ಅದಲ್ಲ, ಅದರ ನಂತರ ಶುರುವಾದ ಕಾಯುವಿಕೆ. ಅದೂ ಎಂಥ ಕಾಯುವಿಕೆ, ಇವತ್ತು ಬರಬಹುದು ಬಾರದಿರಬಹುದು ಅನ್ನುವಂಥದ್ದು. ಸ್ಕಿನ್ನರ್ ಅನ್ನುವ ವಿಜ್ಞಾನಿ ಪಾರಿವಾಳಗಳಿಗೆ ಪ್ರತಿ ಸಲ ಕಾಳು ಕೊಡದೆ ಆಗೊಮ್ಮೆ ಈಗೊಮ್ಮೆ ಕೊಟ್ಟಾಗ ಅವು ಬಿಡದೆ ಕುಟುಕುತ್ತಲೇ ಇದ್ದವಂತೆ. ಇದನ್ನೂ ಅದೇ ಹುಡುಗಿ ಹೇಳಿದ್ದು. ಹಾಲು ಕಾಯಿಸಿ ಬಂದು ಫೋನ್ ಕುಟುಕಿದ್ದು ನೆನಪಾಗಿ ನಾನು ಸುಮ್ಮನಾದೆ.

ಈಗ ಕೆಲವರು ಹೇಳುವುದುಂಟು, ನಿಜವಾದ ಕಲಾವಿದರಿಗೆ ಯಾರ ಮೆಚ್ಚುಗೆಯೂ ಬೇಡ, ಕಾಡಿನ ಹೂವಿನ ಹಾಗೆ ಅರಳಿ ಬಾಡಬೇಕು ಅಂತ. ಈ ಮಾತು ನನಗೆ ಹಿಡಿಸುವುದಿಲ್ಲ. ಹೇಳುವವರು ಸಾಮಾನ್ಯವಾಗಿ ವೇದಿಕೆಯ ಮೇಲೆ ಶಾಲು ಹೊದ್ದುಕೊಂಡು ಹೇಳುತ್ತಿರುತ್ತಾರೆ. ಹೋದ ವರ್ಷ ಮೈಸೂರಿಗೆ ಹೋದವಳು ಸೋಮನಾಥಪುರ ನೋಡಿ ಬಂದೆ, 1258ರ ಗುಡಿ. ಅಲ್ಲಿ ಎಷ್ಟೋ ಮೂರ್ತಿಗಳ ಕೆಳಗೆ ಮಲ್ಲಿತಮ್ಮ ಅಂತ ಶಿಲ್ಪಿಯ ಹೆಸರಿದೆ. ಬೇಲೂರಿನಲ್ಲೂ ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ, ತಮ್ಮ ಹೆಸರು ಬಿಟ್ಟುಹೋಗಿದ್ದಾರೆ, ಕೆಲವರು ಬಿರುದುಗಳ ಸಮೇತ. ಹೊಯ್ಸಳರ ಕಾಲದ ಕಲ್ಲುಕುಟಿಗನಿಗೆ ಇದು ನನ್ನ ಕೈ ಅಂತ ಹೇಳಿಕೊಳ್ಳುವ ಆಸೆ ಇತ್ತು ಅಂದ ಮೇಲೆ ನನಗೆ ಇರಬಾರದೇ? ಆದರೆ ಆ ಹೆಸರು ಓದಬೇಕಾದರೆ ಮೂರ್ತಿಯ ಕಾಲ ಬಳಿ ಬಗ್ಗಬೇಕು. ಅಷ್ಟು ಬಗ್ಗಿ ನೋಡುವವರು ಮೂರ್ತಿಯನ್ನೂ ನೋಡಿಯೇ ನೋಡಿರುತ್ತಾರೆ.

ಕಸೂತಿಯಲ್ಲಿ ಹೆಸರು ಹಾಕುವ ಪದ್ಧತಿ ಇಲ್ಲ. ಹಾಗಂತ ಗುರುತು ಇಲ್ಲ ಅಂತಲ್ಲ. ಮೂಲೆ ತಿರುಗುವಾಗ ದಾರ ಎಷ್ಟು ಬಿಗಿ ಹಿಡಿದಿದ್ದಾರೆ ಅನ್ನುವುದರ ಮೇಲೆ ಇದು ಅಕ್ಕನ ಕೈ, ಇದು ತಂಗಿಯ ಕೈ ಅಂತ ಚಿಗವ್ವ ಇವತ್ತಿಗೂ ಹೇಳುತ್ತಾಳೆ.

ಧಾರವಾಡದವಳಾಗಿ ಸಂಗೀತದ ಮಾತು ತೆಗೆಯದಿದ್ದರೆ ಹೇಗೆ. ನಮ್ಮ ಮನೆಯವರು ಬೈಠಕ್‌ಗಳಿಗೆ ತಪ್ಪದೆ ಹೋಗುತ್ತಿದ್ದರು, ನನ್ನನ್ನೂ ಕರೆದೊಯ್ಯುತ್ತಿದ್ದರು. ನನಗೆ ರಾಗ ಅಷ್ಟೊಂದು ತಿಳಿಯದು. ಆದರೆ ಕೇಳುಗರನ್ನು ನೋಡುವುದು ನನಗೆ ಖುಷಿ. ಜಮಖಾನದ ಮೇಲೆ ಮುಂದೆ ಕೂತ ಐದಾರು ಮುದುಕರು, ಗಾಯಕರು ಸುತ್ತಿ ಬಳಸಿ ಸರಿಯಾಗಿ ಸಮ್‌ಗೆ, ಅಂದರೆ ತಾಳದ ಮೊದಲ ಪೆಟ್ಟಿಗೆ, ಬಂದು ಇಳಿದಾಗ ಮಾತ್ರ ತಲೆ ಆಡಿಸಿ "ಆಹಾ" ಅನ್ನುತ್ತಿದ್ದರು. ಬೇಕುಬೇಕಾದಾಗೆಲ್ಲ ಅನ್ನುತ್ತಿರಲಿಲ್ಲ. ಅದಕ್ಕೆ ದಾದ್ ಕೊಡುವುದು ಅಂತಾರೆ. ಗಾಯಕರಿಗೆ ಗೊತ್ತಾಗುತ್ತಿತ್ತು, ಈ ಆಹಾ ಯಾವ ಸ್ವರಕ್ಕೆ, ಯಾವ ತಿರುವಿಗೆ ಬಂತು ಅಂತ. ತಪ್ಪಿದಾಗ ಆ ಮುದುಕರು ಸುಮ್ಮನೆ ಪಂಚೆ ಸರಿಮಾಡಿಕೊಳ್ಳುತ್ತಿದ್ದರು, ಅದೂ ಗಾಯಕರಿಗೆ ಗೊತ್ತಾಗುತ್ತಿತ್ತು. ನಮ್ಮ ಮಲ್ಲಿಕಾರ್ಜುನ ಮನ್ಸೂರರು, 1910ರಲ್ಲಿ ಹುಟ್ಟಿದವರು, ದೇಶವೇ ಎದ್ದು ನಿಂತು ಹೆಸರು ಹಿಡಿದು ಕರೆದದ್ದು ಅವರಿಗೆ ವಯಸ್ಸಾದ ಮೇಲೆ. ಅಲ್ಲಿಯವರೆಗೆ ಜನ ಕೇಳಿದ್ದೇ ಇಲ್ಲದ ರಾಗಗಳನ್ನು ಹಿಡಿದು ಕೂತದ್ದು ಯಾವ ಅಂಕಿಯ ಬಲದಿಂದ? ಅಂಥ ಮುಂದಿನ ಸಾಲಿನ ಐದಾರು ಜನರ ಕಿವಿ ಇತ್ತು, ಗುರುಗಳು ಕೊಟ್ಟ ವಿದ್ಯೆ ಇತ್ತು, ಅಷ್ಟೇ ಅನಿಸುತ್ತದೆ ನನಗೆ.

ನನಗೆ ಬಂದ 60 ಸಾವಿರದಲ್ಲಿ ಯಾರು ಯಾವುದಕ್ಕೆ ಲೈಕ್ ಒತ್ತಿದರು ನನಗೆ ಇವತ್ತಿಗೂ ಗೊತ್ತಿಲ್ಲ. ಆನೆಗೋ, ಗುಲಾಬಿ ಬಣ್ಣಕ್ಕೋ, ಹಿಂದೆ ಹಾಕಿದ ಹಾಡಿಗೋ, ಅಥವಾ ಬಸ್ಸಿನಲ್ಲಿ ನಿಂತವರ ಹೆಬ್ಬೆರಳು ತಾಗಿತೋ. ಅದರಿಂದ ನಾನು ಕಲಿಯುವುದಾದರೂ ಏನನ್ನು? ಚಿಗವ್ವನ ಬೆರಳು ಮಾತ್ರ ಸರಿಯಾಗಿ ಗಂಟಿದ್ದಲ್ಲೇ ನಿಂತಿತು.

ಒಂದು ಮಾತು ಹೇಳಲೇಬೇಕು, ಇಲ್ಲದಿದ್ದರೆ ನಾನೂ ಶಾಲು ಹೊದ್ದವರ ಸಾಲಿಗೆ ಸೇರುತ್ತೇನೆ. ನನಗೆ ಪಿಂಚಣಿ ಇದೆ. ನಮ್ಮ ಓಣಿಯಲ್ಲೇ ಒಬ್ಬಾಕೆ ಇದ್ದಾಳೆ, ಮೂರು ಮಕ್ಕಳು, ಅಂಗಡಿಗೆ ಕಸೂತಿ ಹಾಕಿಕೊಟ್ಟು ಬದುಕುವವಳು. ಒಂದು ಸೀರೆ ತುಂಬ ಹಾಕಬೇಕಾದರೆ ತಿಂಗಳುಗಟ್ಟಲೆ ಹಿಡಿಯುತ್ತದೆ, ಅಂಗಡಿಯವರು ಕೊಡುವ ಕೂಲಿ ಕೇಳಿದರೆ ಹೊಟ್ಟೆ ಉರಿಯುತ್ತದೆ. ಆಕೆಗೆ ಇನ್‌ಸ್ಟಾಗ್ರಾಂನಿಂದ ನೇರವಾಗಿ ಆರ್ಡರ್ ಬರುತ್ತಿದೆ, ಮಧ್ಯದವರು ತಪ್ಪಿದ್ದಾರೆ, ಅದಕ್ಕಿಂತ ಒಳ್ಳೆಯದು ಏನಿದೆ? ಆಕೆಗೆ ಫೋನ್ ಬಿಡು ಅಂತ ಹೇಳಲು ನಾನು ಯಾರು. ಆದರೆ ಆಕೆ ಅಂಕಿ ನೋಡುವುದೇ ಇಲ್ಲ. ನಾನು ಒಮ್ಮೆ, ನಿನ್ನ ಹಿಂದಿನ ವಿಡಿಯೋ ಎಷ್ಟಕ್ಕೆ ಹೋಯಿತು ಅಂತ ಕೇಳಿದರೆ, ಗೊತ್ತಿಲ್ಲರೀ ಅಕ್ಕಾರ, ಎರಡು ಸೀರೆ ಬಂದಾವು ಅಂದಳು. ಲೈಕ್ ಬೇರೆ, ಗಿರಾಕಿ ಬೇರೆ. ಗಿರಾಕಿ ಬಟ್ಟೆ ಕೈಗೆ ತೆಗೆದುಕೊಂಡು ತಿರುವಿ ನೋಡುತ್ತಾರೆ, ಬೇಡವಾದರೆ ವಾಪಸ್ ಕಳಿಸುತ್ತಾರೆ.

ಆಕೆ ಒಂದು ಜಾಣತನ ಮಾಡಿದ್ದಾಳೆ. ಗಿರಾಕಿಗೆ ಫೋಟೋ ಕಳಿಸುವಾಗ ಎರಡೂ ಕಡೆಯದು ಕಳಿಸುತ್ತಾಳೆ. ಯಾಕೆಂದರೆ ಈಗ ಮಷಿನಿನಲ್ಲಿ ಹೊಡೆದದ್ದನ್ನು ಕೈ ಕಸೂತಿ ಅಂತ ಮಾರುವವರು ಬಹಳ ಆಗಿದ್ದಾರೆ. ನಮ್ಮ ಕಸೂತಿಗೆ ಜಿಐ ಮಾನ್ಯತೆ, ಅಂದರೆ ಇದು ಈ ಊರಿನದೇ ಅನ್ನುವ ಸರ್ಕಾರಿ ಗುರುತು, ಇದ್ದರೂ ಪೇಟೆಯಲ್ಲಿ ಯಾರು ಕೇಳುತ್ತಾರೆ. ಅಂಥ ಸೀರೆಗಳ ವಿಡಿಯೋ ಲಕ್ಷಗಟ್ಟಲೆ ಓಡುತ್ತಿರುವುದನ್ನು ನೋಡಿ ನಾನು ರಾತ್ರಿ ಹೊರಳಾಡಿದ್ದೂ ಇದೆ, ಸುಳ್ಳು ಯಾಕೆ ಹೇಳಲಿ. ಮುಂದಿನಿಂದ ನೋಡಿದರೆ ಮೋಸ ಹೋಗುವುದು ಸುಲಭ. ತಿರುವಿದರೆ ಮಷಿನಿನ ಕೆಳಗಿನ ಉಂಡೆಯ ಬೇರೆ ದಾರ ಕಾಣುತ್ತದೆ, ಅಷ್ಟೇ, ಆಟ ಮುಗಿಯಿತು.

ನಾನು ಈಗ ಏನು ಮಾಡಿದ್ದೇನೆ ಅಂತ ಕೇಳಿದರೆ, ದೊಡ್ಡದೇನೂ ಮಾಡಿಲ್ಲ. ಖಾತೆ ಇದೆ, ಅದರ ಪಾಸ್‌ವರ್ಡ್ ತಮ್ಮನ ಮಗಳ ಹತ್ತಿರ ಇದೆ. ಆಕೆ ಬೇಕೆನಿಸಿದಾಗ ಒಂದು ಫೋಟೋ ಹಾಕುತ್ತಾಳೆ. ಲೈಕಿನ ಲೆಕ್ಕ ಕಾಣದ ಹಾಗೆ ಮಾಡಲು 2021ರಿಂದಲೇ ಇನ್‌ಸ್ಟಾಗ್ರಾಂನಲ್ಲಿ ಅವಕಾಶ ಇದೆಯಂತೆ, ಅದನ್ನು ಒತ್ತಿಸಿದ್ದೇನೆ. ಮೊದಲ ವಾರ ಕೈ ಸುಮ್ಮನೆ ಇರಲಿಲ್ಲ, ಹಲ್ಲು ಕಿತ್ತ ಜಾಗಕ್ಕೆ ನಾಲಗೆ ಹೋದ ಹಾಗೆ ಫೋನಿನ ಕಡೆ ಹೋಗುತ್ತಿತ್ತು. ಈಗಲೂ ಒಮ್ಮೊಮ್ಮೆ ಹುಡುಗಿಗೆ ಫೋನ್ ಮಾಡಿದಾಗ, ಬೇರೆ ಏನೋ ವಿಷಯದ ನಡುವೆ, ಅದು ಎಷ್ಟಾಯಿತು ಅಂತ ಕೇಳಿಬಿಡುತ್ತೇನೆ. "ಅತ್ತೀ" ಅಂತ ಎಳೆದು ಹೇಳುತ್ತಾಳೆ, ನಾನು ಮಾತು ಬದಲಿಸುತ್ತೇನೆ.

ಗುರುವಾರ ಮಧ್ಯಾಹ್ನ ನಾಲ್ಕು ಜನ ಹೆಂಗಸರು ನಮ್ಮ ಮನೆಯಲ್ಲಿ ಸೇರುತ್ತೇವೆ, ಓಣಿಯ ಆ ತಾಯಿಯೂ ಬರುತ್ತಾಳೆ ಪುರುಸೊತ್ತಿದ್ದರೆ. ಚಹಾ, ಚುರಮುರಿ, ಸೂಜಿ ದಾರ. ನಿಯಮ ಒಂದೇ: ಬಟ್ಟೆ ಕೈಗೆ ಬಂದರೆ ಮೊದಲು ತಿರುವಿ ನೋಡಬೇಕು. ಮುಲಾಜಿಲ್ಲ. "ಇಲ್ಲೆ ದಾರ ಎಳದೀ ನೋಡ, ಅರಿವಿ ಸುಕ್ಕ ಬಿದ್ದೈತಿ" ಅಂತ ಮುಖದ ಮೇಲೆ ಹೇಳುತ್ತಾರೆ. ಮೊದಮೊದಲು ನನಗೆ ಮೈ ಉರಿಯುತ್ತಿತ್ತು, ಕೆಂಪು ಹೃದಯ ನೋಡಿ ಅಭ್ಯಾಸ ಆಗಿತ್ತಲ್ಲ. ಒಂದು ದಿನ ಅದೇ ಕಡುನೀಲಿ ತುಳಸಿಕಟ್ಟೆಯನ್ನು ಟ್ರಂಕಿನಿಂದ ತೆಗೆದು ತೋರಿಸಿದೆ, 312ರದ್ದು. ನಾಲ್ವರಲ್ಲಿ ಹಿರಿಯರೊಬ್ಬರು ಕಿಟಕಿ ಬೆಳಕಿಗೆ ಹಿಡಿದು, ಒಂದು ಕಡೆ, ಇನ್ನೊಂದು ಕಡೆ, ಮತ್ತೆ ಮೊದಲ ಕಡೆ ನೋಡಿದರು. ಚಹಾ ಆರಿಹೋಯಿತು. ಕೊನೆಗೆ "ಯಾವುದು ಮುಂದಿಂದ?" ಅಂದರು. ಸಂಪಾದಕರೇ, ಕಸೂತಿ ಹಾಕುವವರಿಗೆ ಈ ಪ್ರಶ್ನೆ ಏನು ಅಂತ ನಿಮಗೆ ಹೇಗೆ ಹೇಳಲಿ.

ಅದಾದ ಮೇಲೆ ಆ ಆನೆ ಅಂಬಾರಿಯನ್ನು ಪೂರ್ತಿ ಬಿಚ್ಚಿದೆ. ಬಿಚ್ಚಲು ಎರಡು ದಿನ ಬೇಕಾಯಿತು, ಗಂಟುಗಳು ಅಷ್ಟಿದ್ದವು. ಬಟ್ಟೆಯಲ್ಲಿ ತೂತು ಉಳಿದವು, ಈಗ ಅದು ದೇವರ ಮನೆ ಒರೆಸಲು ಇದೆ. ಮತ್ತೆ ಮೊದಲಿನಿಂದ ಶುರು ಮಾಡಿದ್ದು ಮೊಮ್ಮಗನಿಗೊಂದು ಕುಂಚಿ. ನಾಲ್ಕು ಎಳೆ ಎಣಿಸಿ, ಒಂಟಿ ದಾರ, ಪೂರ್ತಿ ಗವಂತಿ ಮತ್ತು ಮುರಗಿ, ಅಸ್ತರ್ ಹಾಕಲಿಲ್ಲ. ಐದು ತಿಂಗಳ ಕೂಸಿನ ನೆತ್ತಿಗೆ ಹತ್ತುವುದು ಹಿಂಬದಿಯೇ ಅಲ್ವಾ. ಎರಡು ತಿಂಗಳು ತಗೊಂಡಿತು. ತಲೆಗೆ ಹಾಕಿದ ಎರಡೇ ನಿಮಿಷಕ್ಕೆ ಅವನು ಅದನ್ನು ಕಿತ್ತು ಬಾಯಿಗೆ ಇಟ್ಟುಕೊಂಡ. ಸೊಸೆ ಫೋಟೋ ತೆಗೆಯಲು ಫೋನ್ ತರುವಷ್ಟರಲ್ಲಿ ನವಿಲೊಂದು ಪೂರ್ತಿ ಜೊಲ್ಲಲ್ಲಿ ನೆಂದಿತ್ತು. ಒಗೆದು ಒಣ ಹಾಕಿದ್ದೇನೆ.

ಕೊನೆಗೆ ನಿಮ್ಮಲ್ಲಿ ಒಂದು ವಿನಂತಿ, ಇದಕ್ಕಾಗಿಯೇ ಇಷ್ಟೆಲ್ಲ ಬರೆದದ್ದು ಅಂತ ಇಟ್ಟುಕೊಳ್ಳಿ. ಆ ಭಾನುವಾರದ ಬರಹದ ಜೊತೆ ಒಂದು ಕಸೂತಿ ಸೆರಗಿನ ಫೋಟೋ ಹಾಕಿದ್ದಿರಿ, ಬಣ್ಣ ಚೆನ್ನಾಗಿ ಬಂದಿತ್ತು. ಇನ್ನೊಮ್ಮೆ ಕಸೂತಿ ಬಗ್ಗೆ ಏನಾದರೂ ಬಂದರೆ ನಿಮ್ಮ ಫೋಟೋಗ್ರಾಫರಿಗೆ ಹೇಳಿ, ಬಟ್ಟೆ ತಿರುವಿ ಇನ್ನೊಂದು ತೆಗೆಯಲಿ, ಎರಡನ್ನೂ ಪಕ್ಕಪಕ್ಕ ಹಾಕಿ. ಯಾವುದು ಮುಂದಿನದು ಅಂತ ಕೆಳಗೆ ಬರೆಯಬೇಡಿ. ಅಮ್ಮಿನಭಾವಿಗೆ ನಿಮ್ಮ ಪೇಪರ್ ಬೆಳಗ್ಗೆ ಮೊದಲ ಬಸ್ಸಿಗೆ ಬರುತ್ತದೆ. ಚಿಗವ್ವನಿಗೆ ಕಾಣುವುದಿಲ್ಲ, ಮೊಮ್ಮಕ್ಕಳು ನೋಡಿ ಹೇಳುತ್ತಾರೆ.

ನನ್ನ ಹೆಸರು ಹಾಕಬೇಡಿ, ಓಣಿಯಲ್ಲಿ ಎಲ್ಲರಿಗೂ ಗೊತ್ತಾಗುತ್ತದೆ.

ನಿಮ್ಮ ಹಳೆಯ ಓದುಗಾರ್ತಿ,
ಧಾರವಾಡ